ಒಳಹೊಲಿಗೆ

ಬೆಂಡೆಬೀಜದಷ್ಟು, ಅಂದರು ಡಾಕ್ಟರು,
ಪರದೆಯ ಮೇಲೆ ಪೆನ್ನಿನ ತುದಿಯಿಟ್ಟು.
ಅಷ್ಟೇ ಜಾಗದಲ್ಲಿ ರಕ್ತ ಹರಿಯದೆ ನಿಂತಿತ್ತಂತೆ
ರಂಜಾನಿನ ಹದಿನೇಳನೇ ರಾತ್ರಿ,
ಹಬ್ಬಕ್ಕೆ ಇನ್ನೂ ನಲವತ್ತು ದಿಶ್‌ದಾಶ ಬಾಕಿ ಇರುವಾಗ.

ಕೈ ಉಳಿಯಿತು.
ರೂವಿಯ ಈ ಗಲ್ಲಿಯಲ್ಲಿ ಎಲ್ಲರೂ ಹೇಳಿದ್ದು ಅದನ್ನೇ:
ದೂಮಣ್ಣ, ಕೈ ಉಳಿಯಿತಲ್ಲ.
ಹೌದು. ಕತ್ತರಿ ಕೊಟ್ಟರೆ ಬಟ್ಟೆ ತಾನೇ ದಾರಿ ಬಿಡುತ್ತದೆ.
ಫೋನು ಕೊಟ್ಟರೆ
ಹೆಬ್ಬೆರಳು ಗಾಜಿನ ಮೇಲೆ ನಿಂತು
ಯಾರ ಮನೆಗೆ ಬಂದೆ ಎಂದು ಯೋಚಿಸುತ್ತದೆ.

ದುಡ್ಡು ಕಳಿಸುವ ಆ್ಯಪಿಗೆ ಆರಂಕೆ ಬೇಕು.
ಬರುತ್ತದೆ, ಟಿಂಗ್ ಎಂದು, ಮೇಲಿಂದ ಇಣುಕಿ.
ನಾಲ್ಕು, ಒಂದು, ಏಳು.
ಇಷ್ಟನ್ನು ಗುಂಡುಸೂಜಿಯ ಹಾಗೆ ತುಟಿಯಲ್ಲಿ ಕಚ್ಚಿ
ಆಚೆ ಪರದೆಗೆ ದಾಟುವಷ್ಟರಲ್ಲಿ
ಉಳಿದ ಮೂರು ಬಿದ್ದುಹೋಗಿರುತ್ತವೆ.
ಸಮಯ ಮೀರಿದೆ, ಮತ್ತೆ ಪ್ರಯತ್ನಿಸಿ.
ಮತ್ತೆ ಅನ್ನುವುದೊಂದು ನನಗೆ ಚೆನ್ನಾಗಿ ನೆನಪಿದೆ.

ವಾರಿಜಳಿಗೆ ಒಂದೇ ಬೆಳಿಗ್ಗೆ ಮೂರು ಸಲ
ತಿಂಡಿ ಆಯ್ತಾ ಎಂದು ವಾಯ್ಸ್ ಕಳಿಸಿದ್ದೆನಂತೆ.
ಮೂರಕ್ಕೂ ಉತ್ತರ ಇದೆ, ಬೇರೆ ಬೇರೆ:
ಆಯ್ತು, ನೀರ್ದೋಸೆ.
ಆಯ್ತು, ನಿನ್ನೆಯ ಬಂಗುಡೆ ಸಾರಿನ ಜೊತೆ.
ಆಯ್ತು ಮಾರಾಯ್ರೆ, ಇನ್ನೊಂದು ದೋಸೆಗೆ ಹೊಟ್ಟೆಯಲ್ಲಿ ಜಾಗ ಇಲ್ಲ.

ಕೋಣೆಯ ಹುಡುಗ ತೌಸೀಫ್
ಮೈಕ್ರೋವೇವಿನ ಒಂದು ಗುಂಡಿ ಬಿಟ್ಟು
ಮಿಕ್ಕವಕ್ಕೆಲ್ಲ ಕಪ್ಪು ಟೇಪು ಹಚ್ಚಿದ್ದಾನೆ.
ಈಗ ಅವನಿಗೂ ಮೂವತ್ತೇ ಸೆಕೆಂಡು.
ಅರ್ಧ ತಣ್ಣನೆಯ ಅನ್ನ ತಿಂದು ಏಳುತ್ತಾನೆ, ಮಾತಾಡದೆ.

ನಂಬರು ಎಲ್ಲೂ ಬರೆದಿಡಬೇಡಿ
ಅಂದಿದ್ದಳು ಬ್ಯಾಂಕಿನ ಹುಡುಗಿ.
ಬರೆಯಲಿಲ್ಲ. ಹೊಲಿದೆ.
ಅಂಗಿಯ ಕೊರಳಪಟ್ಟಿಯ ಒಳಗೆ, ಬಿಳಿಯ ಮೇಲೆ ಬಿಳಿ ನೂಲು:
ಮೂರು ಹೊಲಿಗೆ, ತೆರಪು, ಎಂಟು ಹೊಲಿಗೆ, ತೆರಪು,
ಮುಂದಿನದು ನಿಮಗೆ ಹೇಳಲಾರೆ.
ಎಟಿಎಮ್ಮಿನ ಎದುರು ಕತ್ತು ತುರಿಸುವ ಹಾಗೆ
ಬೆರಳಾಡಿಸಿ ಎಣಿಸುತ್ತೇನೆ.
ಹಿಂದೆ ನಿಂತವರು ಸೆಖೆ ಅಂದುಕೊಳ್ಳುತ್ತಾರೆ.

ಆ ಸೋಮವಾರ ಮೂರು ಸಲ ತಪ್ಪು ಅಂದಿತು ಮೆಶಿನು.
ಕಾರ್ಡು ನುಂಗಿ ಸುಮ್ಮನಾಯಿತು.

ಗುರುವಾರ ಖಲ್ಫಾನ್ ಬಂದರು,
ಮತ್ರಾದಲ್ಲಿ ಬಲೆ, ಹಗ್ಗ ಮಾರುವವರು.
ಹೊಸ ದಿಶ್‌ದಾಶದ ಕೊರಳು ಮಗುಚಿ ತೋರಿಸಿದರು:
ಇದೇನು, ಉಸ್ತಾದ್, ನನಗೆ ಕಚಗುಳಿ?
ಬೆರಳಿಟ್ಟೆ. ಮೂರು. ತೆರಪು.
ಬೆವರಿದೆ.
ಕೈ ತನ್ನಷ್ಟಕ್ಕೆ ತಾನೇ ಪಾಠ ಒಪ್ಪಿಸುತ್ತ
ಕಂಡ ಬಿಳಿಗೆಲ್ಲ ನನ್ನ ಗುಟ್ಟು ಹೊಲಿದಿದೆಯೇ?
ಎಷ್ಟು ಅಂಗಿ? ಯಾವ ಮದುವೆಯಲ್ಲಿ,
ಯಾವ ನಮಾಜಿನ ಸಾಲಿನಲ್ಲಿ
ಬಗ್ಗಿ ಏಳುತ್ತಿದೆ ನನ್ನ ನಂಬರು?

ಬಿಚ್ಚಲು ಬ್ಲೇಡು ಹುಡುಕಿದೆ.
ಅವರು ಎಣಿಸುತ್ತ ಕೂತಿದ್ದರು, ಬಲೆಯ ಕಣ್ಣು ಎಣಿಸುವವರ ಹಾಗೆ.
ತಿಸ್ಅ, ಅಂದರು. ಒಂಬತ್ತು.
ನಾನು ನನ್ನ ಕೊರಳಪಟ್ಟಿ ತಿರುಗಿಸಿದೆ.
ಎಂಟು.
ಎಂಟರ ಪಕ್ಕದಲ್ಲಿ ನೂಲಿಲ್ಲದ ಒಂದು ಸೂಜಿತೂತು,
ಒಗೆತಕ್ಕೆ ಬಿಚ್ಚಿಹೋಗಿ.

ಹೇಳಬೇಕಾಯಿತು, ಎಲ್ಲ. ಹಿಂದಿ, ಅರಬಿ, ಕೈಸನ್ನೆ ಕಲೆಸಿ.
ಅವರು ನಗಲಿಲ್ಲ. ಬ್ಲೇಡನ್ನು ಡಬ್ಬಿಗೆ ಹಾಕಿ ಮುಚ್ಚಿದರು.

ಕಾರ್ಡು ವಾಪಸು ಸಿಕ್ಕ ದಿನ
ನನ್ನ ಜೊತೆಗೇ ಬಂದರು.
ಮೆಶಿನಿನ ತಣ್ಣನೆಯ ಗೂಡಿನಲ್ಲಿ
ಕುಮ್ಮಾ ತೆಗೆದು ಕಂಕುಳಲ್ಲಿಟ್ಟು
ಬೆನ್ನು ತಿರುಗಿಸಿ ಕತ್ತು ಬಗ್ಗಿಸಿದರು,
ಅಳತೆ ಕೊಡುವವರ ಹಾಗೆ.
ಅತ್ತರಿನ, ಉಪ್ಪುಹಗ್ಗದ ವಾಸನೆ.
ಒಂದು, ಎರಡು, ಮೂರು.
ತೆರಪು.