ಎಲ್ಲೆ ನಡೆಯುವುದು

ಬಾ ಅರ್ದಿ, ಇಲ್ಲಿಂದ ಶುರು ಮಾಡು.
ಈ ರಂಬುತಾನ್ ಮರ ನಮ್ಮದು,
ಇದರ ನೆರಳು ಸುತಾರ್ಜೊನದು.
ನನ್ನ ಗಂಡನೂ ಅವನೂ ಕಾಫಿ ಕುಡಿಯುತ್ತ ಆಡಿಕೊಂಡ ಮಾತು.
ಕಾಗದವಿಲ್ಲ.
ಕಾಫಿ ಆರಿ ಇಪ್ಪತ್ತೊಂದು ವರ್ಷ.

ಫೋನು ಎತ್ತಿ ಹಿಡಿ, ಆಕಾಶ ಕಾಣಲಿ ಅದಕ್ಕೆ.
ತಾಳೆಗರಿಯ ಕೆಳಗೆ ಉಪಗ್ರಹ ಸಿಗುವುದು ಕಷ್ಟ ಅನ್ನುತ್ತೀಯ.
ನಮಗೂ ಅಷ್ಟೇ ಮಗು,
ಮೇಲಿನವರು ಸಿಕ್ಕಿದ್ದು ಕಡಿಮೆ.

ಕಾಲುವೆಗೆ ಇರುವುದು ಒಂದೇ ಹಲಗೆ, ಜೋಕೆ.
ಬತಾಂಗ್‌ಹಾರಿಯ ಈ ಮಗ್ಗುಲಲ್ಲಿ ನೀರಿಗೆ ಚಹಾದ ಬಣ್ಣ,
ನೆಲವೆಂದರೆ ನೆಲವಲ್ಲ,
ಸಾವಿರ ಮಳೆಗಾಲ ನೆಂದೂ ಪೂರ್ತಿ ಕೊಳೆಯದ ಎಲೆ.
ಒಣಗಿದರೆ ಒಳಗೊಳಗೇ ಉರಿಯುತ್ತದೆ,
ಹೊರಗೆ ಬರೀ ಹೊಗೆ, ನನ್ನ ಅತ್ತಿಗೆಯ ಸಿಟ್ಟಿನ ಹಾಗೆ.
ನೀರು ಎರಡು ಗೇಣಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ
ಅಂದರು ತರಬೇತಿಯಲ್ಲಿ.
ತಲೆಯಾಡಿಸಿದೆವು.
ತೂಬಿನ ಬೀಗದಕೈ ಇರುವುದು ಕಂಪನಿಯ ಹತ್ತಿರ.

ತರಬೇತಿಗೆ ಕರೆಯುವುದೂ ನನ್ನನ್ನಲ್ಲ.
ಮರ್ದಿಯೊನೊ, ತಪ್ಪದೆ ಬನ್ನಿ, ಅಂತ ಚೀಟಿ ಬರುತ್ತದೆ.
ಅವನು ಹೋಗಿ ಆರು ವರ್ಷ.
ಪಟ್ಟಿಯಲ್ಲಿ ಅವನೇ ರೈತ,
ಹಾಗಾಗಿ ಅವನ ಬೂಟು ಹಾಕಿಕೊಂಡು ಹೋಗಿ
ಹಿಂದಿನ ಕುರ್ಚಿಯಲ್ಲಿ ಕೂರುತ್ತೇನೆ.

ತಾಳು, ಈ ಹಣ್ಣು ನೋಡು.
ಕತ್ತಿ ಕೊಡುತ್ತೇನೆ, ಎರಡು ಹೋಳು ಮಾಡು.
ಮೇಲೆಲ್ಲ ಕೆಂಪು, ಮಿರಿಮಿರಿ.
ಒಳಗೆ ಚಿಪ್ಪೇ ಚಿಪ್ಪು.
ಎಣ್ಣೆಯ ಪಾಲಿಗೆ ಉಳಿದದ್ದು
ಸಿಪ್ಪೆಯ ಕೆಳಗಿನ ಇಷ್ಟೇ ಇಷ್ಟು ಜಾಗ.
ಬೈಕಿನಲ್ಲಿ ಬಂದವನೊಬ್ಬ ಮಾರಿದ ಸಸಿ,
ಚೀಲದ ಮೇಲೆ ದೊಡ್ಡ ಮುದ್ರೆ ಬೇರೆ ಇತ್ತು.
ಆ ಸುಳ್ಳು ಕಾಯಿ ಬಿಡಲು ನಾಲ್ಕು ವರ್ಷ ಹಿಡಿಯಿತು.
ಅಷ್ಟರಲ್ಲಿ ಬೇರಿಳಿದಿತ್ತು.
ನಾವೂ ಇಳಿದಿದ್ದೆವು.

ಕಿತ್ತು ಹೊಸದು ನೆಡಿ ಅನ್ನುತ್ತಾರೆ.
ನೆಡಬಹುದು. ಮೂರು ವರ್ಷ ಮರ ಉಣ್ಣುತ್ತದೆ,
ನಾವು ಬಡಿಸುತ್ತಿರಬೇಕು.

ಇಲಿಗೆ ವಿಷ ಬೇಡ, ಗೂಬೆ ಸಾಕಿ ಅಂದರು.
ಅಗೋ, ಕಂಬದ ಮೇಲಿನ ಪೆಟ್ಟಿಗೆ.
ನಾನೇ ಮೊಳೆ ಹೊಡೆದದ್ದು, ಸೊಟ್ಟಗಿದೆ.
ಎರಡನೇ ತಿಂಗಳಿಗೇ ಒಂದು ಜೋಡಿ ಬಂತು,
ಬಿಳಿ ಮುಖ, ಹೃದಯದಾಕಾರ,
ಇಲಿ ಹಿಡಿದದ್ದಕ್ಕೆ ಯಾರೂ ರಸೀದಿ ಕೇಳಲಿಲ್ಲ.
ಆದರೆ ಆ ವರ್ಷ ಆಚೆ ದಂಡೆಯಲ್ಲಿ ಬೆಂಕಿ ಎದ್ದಾಗ,
ಹತ್ತು ದಿನ ಸೂರ್ಯ ಹುರಿದ ಮೊಟ್ಟೆಯಾಗಿದ್ದಾಗ,
ಊರವರೆಲ್ಲ ಒದ್ದೆ ಗೋಣಿ ಹಿಡಿದು ಓಡಿದೆವು.
ತನಿಖೆಯವರು ಜೀಪಿನಲ್ಲಿ ಬಂದು
ಗೂಬೆ ಕೂರಿಸಿದ್ದು ನಮ್ಮ ತಲೆಯ ಮೇಲೆ.

ಬೀಳದ ಹಾಗೆ ಬಾ. ಮತ್ತೆ ರಂಬುತಾನ್. ಸುತ್ತು ಮುಗಿಯಿತು.
ಏನು ಹೇಳುತ್ತದೆ ನಿನ್ನ ಫೋನು?

ಯಾಕೆ ಸುಮ್ಮನಾದೆ?
ಕೊಡಿಲ್ಲಿ. ಹಸಿರು ಯಾವುದು, ಹಳದಿ ಯಾವುದು?
ಅಂದರೆ ಹಿಂದಿನ ನಾಲ್ಕು ಸಾಲು ಮರ ಸರಕಾರದ ಕಾಡು.
ಅಡುಗೆಮನೆಯೂ ಕಾಡು.
ಮಲಗುವ ಕೋಣೆ ಮಾತ್ರ ಊರು.
ಇಪ್ಪತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ
ಊರಿನಲ್ಲಿ ಎದ್ದು ಕಾಡಿಗೆ ಹೋಗಿ ಅನ್ನ ಬೇಯಿಸಿದ್ದೇನೆ,
ಒಂದು ದಿನವಾದರೂ ಹುಲಿ ಬರಬಾರದಿತ್ತೇ?

ಬೇಡ, ಬೆರಳಿನಿಂದ ಗೆರೆ ಜರುಗಿಸಬೇಡ.
ನಿನ್ನ ಕೆಲಸ ಹೋದೀತು.
ಸುಮ್ಮನೆ ಕೇಳುತ್ತೇನೆ, ಗೂಬೆಯ ಪೆಟ್ಟಿಗೆ ಯಾವ ಕಡೆ ಬಂತು?
ಗೆರೆಯ ಮೇಲೆಯೇ?
ಸರಿ, ಅವಕ್ಕೆ ಹೇಳುವುದು ಬೇಡ.

ಹಾರ್ನ್ ಕೇಳಿಸಿತೇ? ಸಿಹೊಂಬಿಂಗನ ಲಾರಿ.
ನಿನ್ನೆ ದೋಟಿ ಹಾಕಿ ಇಳಿಸಿದ ಗೊನೆ,
ಇಂದು ಹೋಗದಿದ್ದರೆ ನಾಳೆ ಹುಳಿ.
ಕಾರ್ಖಾನೆಯ ಗೇಟು ಅವನಿಗೆ ತೆರೆಯುತ್ತದೆ, ನನಗಲ್ಲ,
ಅದಕ್ಕೇ ತೊಟ್ಟಿಗೆ ಅಂತ, ಮರಳಿಗೆ ಅಂತ
ನೂರಕ್ಕೆ ಎಂಟು ಅವನು ಹೇಳಿದಷ್ಟು ಕಡಿತ.

ಆ ಉದುರಿದ ಹಣ್ಣು ತುಳಿಯಬೇಡ,
ಅದರಲ್ಲೇ ಎಣ್ಣೆ ಹೆಚ್ಚು.
ಫೋನು ಜೇಬಿಗಿಡು, ಈ ಗೊನೆಗೆ ಒಂದು ಕೈ ಹಚ್ಚು.
ಮುಳ್ಳಿದೆ, ತೊಟ್ಟು ಹಿಡಿ.
ಕಾಡಿನದೋ ಊರಿನದೋ ಅಂತ
ಇವತ್ತಿನ ತಕ್ಕಡಿ ಕೇಳುವುದಿಲ್ಲ.
ಬರುವ ವರ್ಷದಿಂದ ಕೇಳುತ್ತದಂತೆ.
ಎತ್ತು.