ಒಂಟಿಗಾಲಿನ ಮಣೆ

ಚಿಲೊಯೆ ದ್ವೀಪದಲ್ಲಿ ಸಮುದ್ರ ದಿನಕ್ಕೆರಡು ಸಲ
ಮನೆ ಬಿಟ್ಟು ಹೋಗುತ್ತದೆ.
ಬಾಗಿಲು ಹಾಕದೆ ಹೋದ ಆ ಮನೆಯೊಳಕ್ಕೆ
ಹೆಂಗಸರು ಬುಟ್ಟಿ ಹಿಡಿದು ಇಳಿಯುತ್ತಾರೆ,
ಕೆಸರಲ್ಲಿ ಚಿಪ್ಪು ಹೆಕ್ಕಲು.

ಮೊದಲ ವರ್ಷ ದಡದಲ್ಲಿ ಕೂತು ಬರೆದುಕೊಂಡೆ:
ಯಾರು ಯಾರ ಪಕ್ಕ ಬಾಗುತ್ತಾರೆ,
ಯಾರ ಹೆಸರು ಬಂದರೆ ಮಾತು ನಿಲ್ಲುತ್ತದೆ,
ಸೊಂಟ ನೆಟ್ಟಗಾಗುವುದು ಗಂಟೆಗೆ ಎಷ್ಟು ಸಲ.
ಹನ್ನೊಂದು.
ಇರ್ಮಾ ಮಿಯಾಲೊಂಕೊ ಮಾತ್ರ ನಾಲ್ಕು.

ಎರಡನೆಯ ವರ್ಷ ಬರೆಯುವುದು ಬಿಟ್ಟು ಚಿತ್ರ ಬಿಡಿಸಿದೆ.
ಬೆನ್ನುಗಳು. ಬರೀ ಬೆನ್ನುಗಳು.
ಇದ್ದಿಲಿನಲ್ಲಿ ಎಳೆದ ಒಂದು ಬಾಗು ಹೇಳಿದ್ದನ್ನು
ನನ್ನ ನಾನೂರು ಪುಟದ ಟಿಪ್ಪಣಿ ಹೇಳಿರಲಿಲ್ಲ:
ನೋವಿರುವುದು ಸೊಂಟದಲ್ಲಲ್ಲ, ಮಂಡಿಯಲ್ಲಿ.

ಅಪ್ಪನಿಗೆ ಇದರ ತಲೆಬುಡ ತಿಳಿಯದು.
ಸಾಂತಿಯಾಗೊದಲ್ಲಿ ಅವನದು ಬೀಗ ರಿಪೇರಿಯ ಅಂಗಡಿ,
ಒಂದು ಬೀಗಕ್ಕೆ ಒಂದೇ ಕೀಲಿ ಅವನ ಲೆಕ್ಕ.
"ಮಾನವಶಾಸ್ತ್ರ ಓದಿದೆ, ಆಮೇಲೆ ವಿನ್ಯಾಸ,
ಈಗ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಕೂತಿದ್ದೀ.
ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ಕಂಡಿದ್ದೇನೆ,
ಮೂರಕ್ಕೆ ಕಾಲು ಎಲ್ಲಿಂದ ತರುತ್ತೀ?"

ಬ್ಯಾಂಕಿನ ಅರ್ಜಿಯಲ್ಲೂ ಅದೇ:
ಉದ್ಯೋಗ, ಪಕ್ಕದಲ್ಲಿ ಬೆರಳಗಲದ ಚೌಕ.
ಒಮ್ಮೆ ಅದರೊಳಗೆ ಒಂದು ಬೆನ್ನು ಬಿಡಿಸಿ ಕೊಟ್ಟೆ.
ಗುಮಾಸ್ತ ನೋಡದೆಯೇ ಸೀಲು ಒತ್ತಿದ.

ಮೂರನೆಯ ವರ್ಷ ಮಣೆ ಮಾಡಿದೆ, ಮೂರು ಕಾಲಿನದು.
ಸೈಪ್ರೆಸ್ ಮರ, ಮೊಳೆಯಿಲ್ಲದ ಕೂಡಿಕೆ.
ಒಂದು ಕಾಲು ಕಂಡದ್ದು, ಒಂದು ಗೀಚಿದ್ದು, ಒಂದು ಕೆತ್ತಿದ್ದು
ಎಂದು ಅನುದಾನದ ಅರ್ಜಿಯಲ್ಲಿ ಬರೆದೆ.
(ಓದಿದರೆ ಈಗಲೂ ಕಿವಿ ಬಿಸಿಯಾಗುತ್ತದೆ.)
ಏರುಪೇರಿನ ನೆಲದಲ್ಲೂ ಅಲುಗದು ಎಂದೂ ಬರೆದೆ.

ಅಲುಗಲಿಲ್ಲ. ಮುಳುಗಿತು.
ಮೂರು ಕಾಲೂ ಮೂರು ದಿಕ್ಕಿಗೆ ಕೆಸರು ಕುಡಿದವು.
ಎದ್ದು, ಕಿತ್ತು, ಒರೆಸಿ, ಎರಡು ಹೆಜ್ಜೆ ಆಚೆ ಇಡುವಷ್ಟರಲ್ಲಿ
ಪಕ್ಕದವಳ ಬುಟ್ಟಿ ಅರ್ಧ ತುಂಬಿತ್ತು.
ಯಾರೂ ನಗಲಿಲ್ಲ. ಅದೇ ಕಷ್ಟವಾಯಿತು.
ನನಗೇ ಮಣೆ ಹಾಕಿ ಕೂರಿಸಿ
ತಾವು ಎಂದಿನಂತೆ ಬಾಗಿದರು.

ಮರುದಿನ ಇರ್ಮಾಳ ಹಿತ್ತಿಲಲ್ಲಿ ಗರಗಸದ ಸದ್ದು.
ಎರಡು ಕಾಲು ಆಗಲೇ ಒಲೆಯ ಬಳಿ, ಸೌದೆಯಾಗಿ.
ಉಳಿದದ್ದನ್ನು ಹಲಗೆಯ ನಟ್ಟನಡುವೆ ಬಡಿದಿದ್ದಳು,
ಅದರ ಬುಡಕ್ಕೆ ಹಾಲುಪುಡಿ ಡಬ್ಬದ ಮುಚ್ಚಳ,
ಹಲಗೆಗೆ ಎರಡು ತೂತು, ತೂತಿಗೆ ಹಳೆ ದೋಣಿಯ ಹಗ್ಗ,
ಹಗ್ಗ ಅವಳ ಸೊಂಟಕ್ಕೆ.
ನಡೆದರೆ ಬಾಲದ ಹಾಗೆ ಹಿಂದೆ ಬರುತ್ತದೆ,
ಕೂತರೆ ನೆಲ ಮುಟ್ಟುತ್ತದೆ,
ಕೈಗಳೆರಡೂ ಖಾಲಿ.

"ಒಂಟಿಗಾಲು, ಬೀಳುವುದಿಲ್ಲವೆ?" ಎಂದೆ.
ಅವಳು ಟಿಪ್ಪಣಿ ಮಾಡಿಕೊಳ್ಳುವವಳ ಹಾಗೆ
ನನ್ನನ್ನು ದಿಟ್ಟಿಸಿದಳು.
"ಉಳಿದೆರಡು ನನ್ನವೇ ಇವೆಯಲ್ಲ, ಮಗಳೆ.
ಇಷ್ಟು ದಿನ ಬೆನ್ನು ಬಿಡಿಸಿದ್ದೇ ಬಿಡಿಸಿದ್ದು,
ಕಾಲು ಕಾಣಲಿಲ್ಲವೆ?"

ರಾಜಧಾನಿಯ ಪ್ರದರ್ಶನಕ್ಕೆ ಕರೆ ಬಂತು.
ಬಿಳಿ ಪೀಠ, ನೆತ್ತಿಯ ಮೇಲೊಂದು ದೀಪ, ಪಕ್ಕದಲ್ಲಿ ಚೀಟಿ.
ವಿನ್ಯಾಸ: ಆಮೇಲೆ ಖಾಲಿ ಗೆರೆ.
ನನ್ನ ಹೆಸರೋ, ಅವಳದೋ, ಇಬ್ಬರದಾದರೆ ಯಾರದು ಮೊದಲೋ
ಎಂದು ನಾನು ಬೆವರುತ್ತಿದ್ದಾಗ ಇರ್ಮಾಳ ಫೋನು.
ಆ ವಾರ ಅಮಾವಾಸ್ಯೆಯಂತೆ,
ನೀರು ಬಹಳ ದೂರ ಇಳಿಯುತ್ತದಂತೆ,
ಮಣೆ ಕಳಿಸಲಾಗುವುದಿಲ್ಲವಂತೆ.

ಪೀಠವನ್ನು ಖಾಲಿಯೇ ಇಟ್ಟೆವು.
ಅಪ್ಪ ಬಂದ, ತನ್ನ ಮದುವೆಯ ಕೋಟು ತೊಟ್ಟು.
ಪೀಠಕ್ಕೆ ಎರಡು ಸುತ್ತು ಬಂದು
"ಸಾಮಾನೆಲ್ಲಿ?" ಎಂದ.
"ಕೆಲಸಕ್ಕೆ ಹೋಗಿದೆ" ಎಂದೆ.
ಬಹಳ ಹೊತ್ತು ತಲೆದೂಗಿದ.
ಇಷ್ಟು ವರ್ಷದಲ್ಲಿ ನಾನಾಡಿದ್ದು
ಅವನಿಗೆ ಪೂರಾ ಅರ್ಥವಾದದ್ದು ಅದೊಂದು ಸಲ.
ಆಮೇಲೆ ಜೇಬಿನಿಂದ ಅಳತೆಯ ಟೇಪು ತೆಗೆದು
ಪೀಠದ ಎತ್ತರ ಅಳೆದ.
"ಇದು ಕೂರಲಿಕ್ಕಾಗುವುದಿಲ್ಲ."