ನಾಲ್ಕು ಕಳೆದು

ಟೊಲೀಡೋ ನಗರಸಭೆಯಲ್ಲಿ ಮಂಗಳವಾರ ಸಂಜೆ
ಒಳಚರಂಡಿ ಮುಗಿದ ಮೇಲೆ, ನಾಯಿ ಲೈಸೆನ್ಸಿಗೆ ಮೊದಲು
ನಮ್ಮ ಸರದಿ ಬಂತು:
ಹತ್ತೊಂಬತ್ತು ಹಳೆಯ ಹೃದಯಯಂತ್ರ ಕೊಟ್ಟು
ಹತ್ತೊಂಬತ್ತು ಹೊಸದು ತರುವ ವಿಚಾರ.
‘ಇನ್ನೂ ನಡೀತಾ ಇವೆಯಲ್ಲ?’ ಎಂದರು ಥೆಲ್ಮಾ ಪ್ರುಯಿಟ್
ಕನ್ನಡಕ ಹಣೆಗೇರಿಸಿ.
ನಡೀತಾ ಇವೆ ಮೇಡಂ.
ಬಿಡಿಭಾಗ ಬರುವುದು ನಿಂತು ಆರು ವರ್ಷ,
ಒಂದರ ಹೊಟ್ಟೆ ಬಗೆದು ಇನ್ನೊಂದಕ್ಕೆ ಹೊಲಿಯುತ್ತೇವೆ.
ಕೈಯೆತ್ತಿದರು. ಏಳಕ್ಕೆ ಐದು.

ನನ್ನ ಪಾಲಿನದು ಏಳನೇ ನಂಬರು.
ಹಿಡಿಕೆಗೆ ಸುತ್ತಿದ ಕರಿ ಟೇಪು,
ಗುಂಡಿಯ ಮೇಲೆ ಅಂಕಿಗಳೆಲ್ಲ ಸವೆದು
ಇನ್ನೂರು ಇರಬೇಕಾದಲ್ಲಿ ಒಂದು ಕೆಂಪು ಚುಕ್ಕಿ,
ನಿವೃತ್ತಿಗೆ ಮುಂಚೆ ಬರ್ನಡೆಟ್ ಝಾಯಾಕ್
ತನ್ನ ಉಗುರುಬಣ್ಣದಲ್ಲಿ ಇಟ್ಟು ಹೋದದ್ದು.
ಲಗ್ರೇಂಜ್ ಬೀದಿಯ ಲಿಫ್ಟಿಲ್ಲದ ಮಹಡಿಗಳು
ನನ್ನ ಎಡ ಭುಜದಲ್ಲಿ ಪಟ್ಟಿಯಗಲ ಹಳ್ಳ ತೋಡಿವೆ;
ಕತ್ತಲಲ್ಲೂ ಹೆಂಡತಿಗೆ ಗೊತ್ತು
ಯಾವ ಕಡೆ ತಲೆಯಿಟ್ಟರೆ ಜಾರುತ್ತದೆಂದು.

ಅದರ ಗಡಿಯಾರ ನಾಲ್ಕು ನಿಮಿಷ ಮುಂದೆ.
ತಿದ್ದಿದರೆ ಒಂದು ವಾರ ಸುಮ್ಮನಿದ್ದು
ಮತ್ತೆ ನಾಲ್ಕೇ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತಿತ್ತು.
ಕೊನೆಗೆ ನಾವೇ ಸೋತು ಕಳೆಯತೊಡಗಿದೆವು.
ಹೊಸಬರಿಗೆ ಮೊದಲ ಪಾಠ:
ಮುಂಚೆ ಕೈಗವಸು, ಆಮೇಲೆ ಕಳೆಯುವ ಲೆಕ್ಕ.
ಹನ್ನೊಂದು ವರ್ಷ, ಎಷ್ಟು ಅಡುಗೆಮನೆ, ಎಷ್ಟು ಬಚ್ಚಲು,
ಪರದೆ ನೋಡಿ, ನಾಲ್ಕು ಕಳೆದು,
ಕಾಲವಾದ ಕಾಲ ಬರೆದೆ.

ಸಾಗಿಸುವ ಹಿಂದಿನ ದಿನ ಬಂದ
ಓರಿನ್ ಸ್ಯಾಟರ್‌ಫೀಲ್ಡ್, ಜೊತೆಗೆ ಹೆಂಡತಿ.
ಬೌಲಿಂಗ್ ಅಂಗಳದ ಹನ್ನೆರಡನೇ ಓಣಿಯಲ್ಲಿ
ಚೆಂಡಿನ ಹಿಂದೆಯೇ ಬಿದ್ದವನು; ಎರಡು ಏಟಿಗೆ ಎದ್ದವನು.
‘ಇದೇನಾ?’ ಎಂದ. ‘ದೊಡ್ಡದಿರುತ್ತೆ ಅಂದುಕೊಂಡಿದ್ದೆ.’
ಪರ್ಸಿನಿಂದ ಬರ್ನಡೆಟ್ ಕೊಟ್ಟಿದ್ದ ಕಾಗದದ ಪಟ್ಟಿ ತೆಗೆದ,
ನಿಂತ ಎದೆ ಮತ್ತೆ ಹೊರಟ ಗೆರೆಯದು.
ಶಾಖದ ಕಾಗದ, ಬಿಸಿಲು ಬೆವರಿಗೆ ಉಳಿಯುವುದಿಲ್ಲ;
ಹಾಲಿನಷ್ಟು ಬಿಳಿ.
‘ಇಲ್ಲಿತ್ತು’ ಎಂದು ಬೆರಳಿಟ್ಟ.
ಹೆಂಡತಿ ಆ ಬೆರಳನ್ನು ಸ್ವಲ್ಪ ಬಲಕ್ಕೆ ಸರಿಸಿದಳು.

ಕಂಪನಿಯ ಹುಡುಗ ಗಮ್ ಅಗಿಯುತ್ತಾ
ಒಂದೊಂದರ ನೆನಪೂ ಅಳಿಸಿದ,
ಹತ್ತೊಂಬತ್ತಕ್ಕೂ ಸೇರಿ ಊಟದ ಹೊತ್ತಿಗೆ ಮುಗೀತು.
ಕೆಂಪು ಚುಕ್ಕಿ ಹಾಗೇ ಹೋಯಿತು.

ಹೊಸದು ಹಗುರ. ‘ಬುತ್ತಿ ಡಬ್ಬಿ ಥರ’ ಎಂದ ನದೀಮ್ ಖೂರಿ,
ನಮ್ಮ ಠಾಣೆಗೆ ಸೇರಿ ಮೂರು ತಿಂಗಳಾದವನು.
ಹೊಸದು ಮಾತಾಡುತ್ತದೆ, ಹೆಣ್ಣಿನ ದನಿ:
ಇನ್ನೂ ಆಳಕ್ಕೆ ಒತ್ತಿ. ಚೆನ್ನಾಗಿ ಒತ್ತುತ್ತಿದ್ದೀರಿ.
ಇಪ್ಪತ್ತು ವರ್ಷದಲ್ಲಿ ನನಗೆ ಯಾರೂ ಹಾಗೆಂದಿರಲಿಲ್ಲ.

ಮೊದಲ ಕರೆ ಗಲೀನಾ ಬೀದಿ. ಒಬ್ಬಂಟಿ ಮುದುಕಿ, ಅಡುಗೆಮನೆಯ ನೆಲ.
ನೀರು ಬತ್ತಿ ಪಾತ್ರೆಯಲ್ಲಿ ಮೊಟ್ಟೆ ಸಿಡಿದಿತ್ತು,
ನದೀಮ್ ಒಲೆ ಆರಿಸಿದ, ನಾನು ಮಂಡಿಯೂರಿದೆ.
ಮೂವತ್ತೊಂದು ನಿಮಿಷ.
ಆಸ್ಪತ್ರೆಯ ಡಾಕ್ಟರು ರೇಡಿಯೋದಲ್ಲಿ, ಸಾಕು, ಎಂದರು.
ಪರದೆಯಲ್ಲಿ ಆರು ನಲವತ್ತೊಂದು.
ಬರೆದೆ: ಆರು ಮೂವತ್ತೇಳು.
ನದೀಮ್ ಏನೂ ಅನ್ನಲಿಲ್ಲ. ನೋಡಿದ.

ಆರು ಮೂವತ್ತೆಂಟಕ್ಕೆ, ಯಂತ್ರಕ್ಕೆ ನೆನಪಿದೆ,
ಆಕೆಯ ಎದೆಯಲ್ಲಿ ಒಂದು ಗೆರೆ ಎದ್ದಿತ್ತು,
ನನ್ನ ಕೈಯದಲ್ಲ, ಆಕೆಯದೇ.
ಒಂದೇ ಒಂದು.
ಅದಕ್ಕೂ ಒಂದು ನಿಮಿಷ ಮೊದಲೇ ನಾನು
ಕಾಗದದ ಮೇಲೆ ಆಕೆಯನ್ನು ಮುಗಿಸಿದ್ದೆ.

ಹೊಡೆದುಹಾಕಿ, ನಲವತ್ತೊಂದು ಬರೆದು,
ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ ಎದ್ದೆ.
ಮಾರ್ಚಿನಲ್ಲಿ ಊರೆಲ್ಲ ಗಡಿಯಾರ ಮುಂದಿಟ್ಟಾಗ
ಆಕೆ ಒಲೆಯದನ್ನು ಮುಟ್ಟಿರಲಿಲ್ಲ;
ಹಸಿರು ಅಂಕಿಗಳಲ್ಲಿ ಅದು ಒಂದು ಗಂಟೆ ಹಿಂದಿತ್ತು.
ಅಲ್ಲಿ ಇನ್ನೂ
ನೀರಿಗೆ ಮೊಟ್ಟೆ ಬಿಟ್ಟಿರಲಿಲ್ಲ.